ಹತ್ತೊಂಬತ್ತು ಪಾಯಿಂಟ್ ನಾಲ್ಕು

ಮೂರನೆಯ ನೀರಿನಿಂದ ಗಾಜಿನ ಚೂರನ್ನು ಎಡಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿದೆ. ಒಂದು ಮೂಲೆಯಲ್ಲಿ ಸೋಪಿನ ಕಲೆ ಇನ್ನೂ ಇತ್ತು. ಮತ್ತೆ ಅದ್ದಿದೆ. ಬಲಗೈ ಬೆರಳ ಬುಡದಿಂದ ಮೊಣಕೈವರೆಗೂ ಪ್ಲಾಸ್ಟರಿನೊಳಗಿತ್ತು. ಒದ್ದೆಯಾಗದಿರಲಿ ಎಂದು ಅದರ ಮೇಲೆ ಪ್ಲಾಸ್ಟಿಕ್ ಚೀಲ ಹಾಕಿ ದಾರ ಸುತ್ತಿದ್ದೆ. ಒಳಗೆ ತುರಿಕೆ. ತುರಿಸಿಕೊಳ್ಳಲು ದಾರಿಯಿಲ್ಲ.

"ಹದಿನೈದು ಪಾಯಿಂಟ್ ಒಂದು," ಎಂದಳು ಲಹರಿ, ನನ್ನ ಬೆನ್ನ ಹಿಂದಿನಿಂದ.

ನನಗೆ ಹೇಳಿದ್ದಲ್ಲ. ಯಾರಿಗೂ ಹೇಳಿದ್ದಲ್ಲ. ಫೆಬ್ರವರಿಯಿಂದ ಜೂನಿನವರೆಗೆ ಅವಳು ದಿನಾ ಬೆಳಿಗ್ಗೆ ಇಂಥದೊಂದು ಅಂಕಿಯನ್ನು ಗೋಡೆಗೆ ಹೇಳುತ್ತಿದ್ದಳು. ಹದಿನೈದು, ಹದಿನಾಲ್ಕೂವರೆ, ಒಂದು ಸಲ ಹದಿನಾರು. ಬೇಕಾಗಿದ್ದದ್ದು ಹತ್ತೊಂಬತ್ತು ಪಾಯಿಂಟ್ ನಾಲ್ಕು.

ನಂಜನಗೂಡು ರಸ್ತೆಯಲ್ಲಿ ಕಡಕೊಳ ಬರುವ ಮೊದಲೇ ಒಳಕ್ಕೆ ತಿರುಗಿದರೆ ಸಿಗುವ ಸಣ್ಣ ಸಂಶೋಧನಾ ಕೇಂದ್ರ ನಮ್ಮದು. ಬೆಳಕಿನಿಂದ ವಿದ್ಯುತ್ ಮಾಡುವ ಹೊಸ ಬಗೆಯ ಕೋಶಗಳನ್ನು ಅಲ್ಲಿ ಮಾಡುತ್ತಾರೆ. ಮನೆಗಳ ತಾರಸಿಯ ಮೇಲೆ ಕಾಣುವ ನೀಲಿ ಹಲಗೆಗಳಲ್ಲ. ಅಂಚೆಚೀಟಿಯಷ್ಟಗಲದ ಗಾಜಿನ ಮೇಲೆ ಒಂದು ತೊಟ್ಟು ಹಳದಿ ದ್ರಾವಣ ಬಿಟ್ಟು, ಗಿರ್ರನೆ ತಿರುಗಿಸಿ, ಕಾದ ಹಲಗೆಯ ಮೇಲಿಟ್ಟರೆ ಅದು ಕಣ್ಣೆದುರೇ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಪೆರೊವ್‌ಸ್ಕೈಟ್ ಎಂದು ಅದರ ಹೆಸರು. ನನ್ನ ಬಾಯಿಗೆ ಆ ಹೆಸರು ಬರಲು ಒಂದು ವರ್ಷ ಹಿಡಿಯಿತು. ಆ ಗಾಜುಗಳನ್ನು ತೊಳೆಯುವುದು ನನ್ನ ಕೆಲಸ. ಮೊದಲು ಸೋಪಿನ ನೀರು, ಆಮೇಲೆ ನಲ್ಲಿ ನೀರು, ಭಟ್ಟಿ ಇಳಿಸಿದ ನೀರು, ಕಡೆಗೆ ಸ್ಪಿರಿಟ್. ಒಂದು ಬೆರಳಚ್ಚು ಉಳಿದರೂ ಮೇಲಿನ ಪದರ ಕೆಡುತ್ತದೆ. ಅಟೆಂಡರಾಗಿ ನಿವೃತ್ತಿಯಾದ ಮೇಲೂ ನಮ್ಮ ಅನಂತಪದ್ಮನಾಭ ಸರ್ ನನ್ನನ್ನು ಈ ಕೆಲಸಕ್ಕೆಂದೇ ಉಳಿಸಿಕೊಂಡಿದ್ದರು.

ಲಹರಿ ಅವರ ಕೈಕೆಳಗೆ ಪಿಎಚ್‌ಡಿಗೆ ಸೇರಿದ ಹುಡುಗಿ. ಕುವೆಂಪುನಗರದಿಂದ ದಿನಾ ಸ್ಕೂಟರಿನಲ್ಲಿ ಬರುತ್ತಾಳೆ. ಹಿಂದಿನ ಕಾರ್ತಿಕದಲ್ಲಿ ಅವಳು ಮಾಡಿದ ಕೋಶಗಳು ಹತ್ತೊಂಬತ್ತು ಪಾಯಿಂಟ್ ನಾಲ್ಕು ಕೊಟ್ಟವು. ಬಿದ್ದ ಬೆಳಕನ್ನು ನೂರು ಪಾಲು ಮಾಡಿದರೆ ಅಷ್ಟು ಪಾಲು ವಿದ್ಯುತ್ತಾಯಿತು ಎಂದರ್ಥ. ನಮ್ಮ ಸಣ್ಣ ಕೋಣೆಯಲ್ಲಿ ಅಷ್ಟು ಹಿಂದೆಂದೂ ಬಂದಿರಲಿಲ್ಲ. ಒಂದು ದಿನವಲ್ಲ, ಆ ತಿಂಗಳು ಪೂರ್ತಿ ಬಂತು. ಸರ್ ಮೈಸೂರುಪಾಕು ತರಿಸಿ ಹಂಚಿದರು. ಜನವರಿಯಲ್ಲಿ ಪ್ರಬಂಧ ಅಚ್ಚಾಯಿತು.

ಫೆಬ್ರವರಿಯಲ್ಲಿ ಎರಡು ಸಂಗತಿ ಆದವು. ಶಿವರಾತ್ರಿಯ ಮಾರನೆಯ ದಿನ ನಾನು ಬಚ್ಚಲಲ್ಲಿ ಜಾರಿ ಬಿದ್ದು ಮುಂಗೈ ಮುರಿದುಕೊಂಡೆ. ಅದೇ ವಾರ ಪುಣೆಯಿಂದ ಒಂದು ಕಾಗದ ಬಂತು.

ಕಂಪ್ಯೂಟರಿಗೆ ಬಂದ ಕಾಗದ. ಲಹರಿ ಅದನ್ನು ಅಚ್ಚು ತೆಗೆದು ನಾನು ಗಾಜು ತೊಳೆಯುವ ಸಿಂಕಿನ ಮೇಲೆ, ಗೋಡೆಗೆ ಅಂಟಿಸಿದ್ದಳು. "ಕಣ್ಣಿಗೆ ಬೀಳ್ತಾ ಇರ್ಲಿ, ಮರೀಬಾರ್ದು," ಎಂದು. ಬರೆದವಳು ಸಮನ್ವಿತಾ ಎಂಬ ಹುಡುಗಿ, ಅವಳೂ ಅಲ್ಲೊಂದು ಕಡೆ ಇದೇ ವಿದ್ಯೆ ಕಲಿಯುತ್ತಿರುವವಳು. ಕಾಗದವೆಲ್ಲ ಇಂಗ್ಲಿಷು. ನಿಮ್ಮ ಪ್ರಬಂಧದಲ್ಲಿರುವಂತೆಯೇ ನಲವತ್ತು ಕೋಶ ಮಾಡಿದೆ, ಹದಿನೈದು ದಾಟುತ್ತಿಲ್ಲ ಎಂದು ಅದರ ಸಾರ. ಲಹರಿಯ ಹೆಸರು ನೋಡಿ ನಮ್ಮ ಕಡೆಯವಳೇ ಎಂದು ತಿಳಿದಿರಬೇಕು, ಕೊನೆಯ ಒಂದು ಸಾಲು ಮಾತ್ರ ಕನ್ನಡದಲ್ಲಿತ್ತು. "ನನ್ನ ತಪ್ಪೇನು ಅಂತ ದಯವಿಟ್ಟು ಹೇಳಿ."

ಮೇ ತಿಂಗಳಲ್ಲಿ ನಾನು ಕೆಲಸಕ್ಕೆ ಮರಳಿದಾಗಲೂ ಆ ಸಾಲು ಅಲ್ಲೇ ಇತ್ತು. ನನ್ನ ಮೂಳೆ ಮೊದಲ ಸಲ ಸೊಟ್ಟಗೆ ಕೂಡಿ, ಮತ್ತೆ ಮುರಿದು ಕೂರಿಸಿ, ಎರಡನೆಯ ಪ್ಲಾಸ್ಟರ್ ಹಾಕಿದ್ದರು. ಮನೆಯಲ್ಲಿ ಕೂತು ಬೇಜಾರಾಗಿ ಬಂದುಬಿಟ್ಟಿದ್ದೆ. ಒಂದು ಕೈಯಲ್ಲಿ ತೊಳೆಯುವುದಷ್ಟೇ ಆಗುತ್ತಿತ್ತು. ತಲೆ ಎತ್ತಿದಾಗಲೆಲ್ಲ ಅದೇ ಸಾಲು. ನನ್ನ ತಪ್ಪೇನು ಅಂತ ದಯವಿಟ್ಟು ಹೇಳಿ.

"ಉತ್ತರ ಬರೆದ್ಯೇನವ್ವಾ?" ಎಂದು ಕೇಳುತ್ತಿದ್ದೆ.

"ಏನಂತ ಬರೀಲಿ ದಾಕ್ಷಮ್ಮ? ನಂಗೇ ಬರ್ತಿಲ್ವಲ್ಲ. ಒಂದ್ಸಲ ಬರ್ಲಿ, ಆಮೇಲೆ ಬರೀರಿ ಅಂದಿದ್ದಾರೆ ಸರ್."

ಆ ಒಂದು ಸಲಕ್ಕಾಗಿ ಅವಳು ಎಲ್ಲ ಮಾಡಿದಳು. ಪುಡಿಯ ಡಬ್ಬಿ ಬದಲಾಯಿಸಿದಳು. ಹೊಸ ದ್ರಾವಣ ತರಿಸಿದಳು. ಗಾಳಿ, ತೇವ ತಾಗದಂತೆ ಮುಚ್ಚಿದ ಗಾಜಿನ ಪೆಟ್ಟಿಗೆಯೊಂದಿದೆ. ಅದರ ಗೋಡೆಗೇ ಕೂಡಿಸಿದ ದಪ್ಪ ಕಪ್ಪು ಗ್ಲೌಸುಗಳಲ್ಲಿ ಭುಜದವರೆಗೆ ಕೈ ತೂರಿಸಿ ಕೆಲಸ ಮಾಡಬೇಕು. ಅದರ ಮುಂದೆ ಅವಳು ಗಂಟೆಗಟ್ಟಲೆ ನಿಂತಿರುತ್ತಿದ್ದಳು. ಕೆನ್ನೆ ಗಾಜಿಗೆ ಒತ್ತಿಕೊಂಡಿರುತ್ತಿತ್ತು. ಮೂಗು ತುರಿಸಿದರೂ ಕೈ ತೆಗೆಯುವಂತಿಲ್ಲ.

"ನಂಗೂ ನಿಂಗೂ ಒಂದೇ ಗತಿ ಕಣವ್ವ," ಎಂದೆ ಒಂದು ದಿನ ಪ್ಲಾಸ್ಟರ್ ತೋರಿಸಿ.

"ನಿಮ್ದು ತಿಂಗಳ ಕೊನೇಲಿ ಬಿಚ್ತಾರೆ. ನಂದು?"

ಅಮರೇಶ್ ನಕ್ಕ. ಅವನು ಪಕ್ಕದ ಮೇಜಿನವನು, ಪಿಎಚ್‌ಡಿಯಲ್ಲಿ ಅವಳಿಗಿಂತ ಒಂದು ವರ್ಷ ಕಿರಿಯ. "ಲಹರಿ, ನೀನು ಆ ಪೆಟ್ಟಿಗೇಲೇ ಸಂಸಾರ ಹೂಡ್ಬುಡು. ಊಟಾನ ಆ ಕಡೆಯಿಂದ ಕಳಿಸ್ತೀವಿ."

ಅವಳು ನಗಲಿಲ್ಲ. ಸರ್ ಅವಳಿಗೆ ಜುಲೈ ಹದಿನೈದರ ಗಡುವು ಕೊಟ್ಟಿದ್ದರು. ಅಷ್ಟರಲ್ಲಿ ಅಂಕಿ ಮತ್ತೆ ಬರದಿದ್ದರೆ ಪ್ರಬಂಧವನ್ನು ಹಿಂದಕ್ಕೆ ಪಡೆಯುವುದು. ಅದಿಲ್ಲದೆ ಪಿಎಚ್‌ಡಿ ಮುಗಿಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಇಲ್ಲದ ಅಂಕಿಯನ್ನು ಇದೆ ಎಂದು ಬರೆದವಳು ಎಂಬ ಹೆಸರು ಬರುತ್ತದೆ.

"ನೀವಿದ್ರಿ ಅಲ್ವಾ ದಾಕ್ಷಮ್ಮ? ನವೆಂಬರಲ್ಲಿ ಬಂದಿದ್ದನ್ನ ನೋಡಿದ್ರಿ ಅಲ್ವಾ?" ಎಂದು ಅವಳು ನನ್ನನ್ನು ಎಷ್ಟು ಸಲ ಕೇಳಿದಳೋ. ತನ್ನ ಕಣ್ಣನ್ನೇ ಅವಳು ನಂಬದ ಹಾಗಾಗಿದ್ದಳು.

"ನೋಡಿದೀನಿ ಕಣವ್ವ. ನಿಜವಾಗ್ಲೂ ಬಂತು," ಎನ್ನುತ್ತಿದ್ದೆ.

ಈ ಕೋಶಗಳ ಸ್ವಭಾವವನ್ನು ಅವಳೇ ನನಗೆ ಬಿಡಿಸಿ ಹೇಳಿದ್ದಳು, ಅವಳಿಗೆ ನಗು ಬರುತ್ತಿದ್ದ ಕಾಲದಲ್ಲಿ. ಕೃತಕ ಸೂರ್ಯ ಎಂದು ನಾವು ಕರೆಯುವ ದೀಪದ ಕೆಳಗೆ ಕೋಶವನ್ನಿಟ್ಟು, ವೋಲ್ಟನ್ನು ಮೇಲಿನಿಂದ ಕೆಳಕ್ಕೆ ಇಳಿಸುತ್ತ ಅಳೆದರೆ ಪರದೆಯ ಮೇಲೆ ಒಂದು ಗೆರೆ ಬರುತ್ತದೆ. ಕೆಳಗಿನಿಂದ ಮೇಲಕ್ಕೆ ಏರಿಸುತ್ತ ಅಳೆದರೆ ಅದೇ ಗೆರೆಯ ಮೇಲೆ ವಾಪಸು ಬರಬೇಕು ತಾನೇ? ಬರುವುದಿಲ್ಲ. ಒಳಗೆ ಬಾಗಿ ಬೇರೆ ದಾರಿ ಹಿಡಿಯುತ್ತದೆ. ಇಳಿಯುವ ಗೆರೆ ಹೆಚ್ಚು ತೋರಿಸುತ್ತದೆ, ಏರುವ ಗೆರೆ ಕಡಿಮೆ.

"ಒಂದೇ ಕೋಶ ಎರಡು ಮಾತಾಡೋದಾ?" ಎಂದು ಕೇಳಿದ್ದೆ.

"ನಿಮ್ಮ ನಂಜನಗೂಡು ಬಸ್ ಇಲ್ವಾ ದಾಕ್ಷಮ್ಮ? ಕಾಲೇಜು ಹುಡುಗ್ರು ಟಕ್ ಅಂತ ಹತ್ತಿ ಟಕ್ ಅಂತ ಇಳೀತಾರೆ. ವಿದ್ಯುತ್ ಅಂದ್ರೆ ಆ ಹುಡುಗ್ರು. ಆದ್ರೆ ಚೀಲ ಹಿಡ್ಕೊಂಡ ಹೆಂಗಸ್ರೂ ಇರ್ತಾರಲ್ಲ, ಅವ್ರು ನಿಧಾನಕ್ಕೆ ಮುಂದೆ ಸರೀತಾರೆ, ಹಿಂದೆ ಸರೀತಾರೆ. ಈ ಪದರದೊಳಗೂ ಅಂಥ ಕಣಗಳಿವೆ, ಅಯಾನು ಅಂತೀವಿ. ಅವು ಮುಂಚೆ ಎಲ್ಲಿಗೆ ಸರಿದು ನಿಂತಿವೆ ಅನ್ನೋದ್ರ ಮೇಲೆ ಹುಡುಗ್ರಿಗೆ ದಾರಿ ಸಿಗುತ್ತೋ ಇಲ್ವೋ ಗೊತ್ತಾಗುತ್ತೆ."

"ಅಂದ್ರೆ ಅಳೆಯೋಕ್ಮುಂಚೆ ಅದಕ್ಕೆ ಏನಾಗಿತ್ತು ಅನ್ನೋದನ್ನ ಅದು ನೆನಪಿಟ್ಕೊಂಡಿರುತ್ತೆ."

"ಅದೇ. ಸೇಡಿನ ಹಾವಿನ ಹಾಗೆ," ಎಂದು ನಕ್ಕಿದ್ದಳು. ಆ ಮಾತು ಆಡಿದ್ದು ಅಕ್ಟೋಬರಿನಲ್ಲಿ. ಅದನ್ನು ನಾನು ಕೇಳಿ, ತಲೆಯಾಡಿಸಿ, ಮರೆತಿದ್ದೆ.

ಪ್ರಬಂಧದಲ್ಲಿ ಅಚ್ಚಾದದ್ದು ಇಳಿಯುವ ಗೆರೆ ಮಾತ್ರ. ಎಲ್ಲರೂ ಅದನ್ನೇ ಹಾಕುವುದು ಎಂದಿದ್ದರು ಸರ್.

ಜೂನ್ ಇಪ್ಪತ್ತೇಳರಂದು ಪ್ಲಾಸ್ಟರ್ ಬಿಚ್ಚಿದರು. ಕೈ ಒಣಗಿದ ನುಗ್ಗೆಕಾಯಿಯಂತಾಗಿತ್ತು. ಆದರೂ ನನ್ನದೇ ಕೈ. ಮಾರನೆಯ ಬೆಳಿಗ್ಗೆ ಎಂಟೂವರೆಗೇ ಕೇಂದ್ರಕ್ಕೆ ಬಂದೆ. ಒಂದು ವಾರದಿಂದ ಹಿಡಿದಿದ್ದ ಸೋನೆ ಬಿಟ್ಟು ಆವತ್ತು ಎಳೆಬಿಸಿಲು ಬಂದಿತ್ತು. ನಾಲ್ಕು ತಿಂಗಳಿಂದ ಬಿಟ್ಟುಹೋಗಿದ್ದ ನನ್ನ ಕೆಲಸಗಳನ್ನೆಲ್ಲ ಒಂದೊಂದಾಗಿ ಮಾಡಿದೆ. ಮೇಜು ಒರೆಸಿದೆ. ಕತ್ತಲೆಯ ಬೀರುವಿನಿಂದ ಲಹರಿಯ ಕೋಶಗಳ ಡಬ್ಬಿ ತಂದೆ. ಗ್ಲೌಸು ಹಾಕಿಕೊಂಡು, ಮುಚ್ಚಳ ತೆಗೆದು, ಇಕ್ಕಳದಿಂದ ಆರು ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಹರಡಿದೆ. ತೇವ ಹೀರುವ ನೀಲಿ ಹರಳುಗಳನ್ನು ಸುತ್ತ ಹಾಕಿ, ಮೇಲೆ ಭಾರದ ಗಾಜಿನ ಮುಚ್ಚಳವಿಟ್ಟು, ಎರಡೂ ಕೈಯಲ್ಲಿ ಹಿಡಿದು ಪೂರ್ವದ ಕಿಟಕಿಯ ಕಟ್ಟೆಯ ಮೇಲಿಟ್ಟೆ.

ಹಿಂದಿನ ಮಳೆಗಾಲದಲ್ಲಿ ಆ ಡಬ್ಬಿಯ ಒಳಮೈಯಲ್ಲಿ ಹಬೆ ಕಟ್ಟಿದ್ದನ್ನು ಕಂಡಿದ್ದೆ. ಈ ಪದರಕ್ಕೆ ತೇವವೇ ಶತ್ರು ಎಂದು ಎಲ್ಲರೂ ಹೇಳುತ್ತಿದ್ದರು. ಹಪ್ಪಳಕ್ಕೆ ಥಂಡಿ ಹಿಡಿದರೆ ಎಣ್ಣೆಯಲ್ಲಿ ಅರಳುವುದಿಲ್ಲ, ಕರಿಯುವ ಮೊದಲು ಒಂದಿಷ್ಟು ಹೊತ್ತು ಬಿಸಿಲು ತೋರಿಸುತ್ತೇವೆ. ಹಾಗೆ ತೋರಿಸತೊಡಗಿದ್ದೆ. ಲಹರಿಯ ಸ್ಕೂಟರಿನ ಸದ್ದು ಕೇಳಿದೊಡನೆ ತಟ್ಟೆಯನ್ನು ತಂದು ಅಳೆಯುವ ಮೇಜಿನ ಮೇಲಿಡುತ್ತಿದ್ದೆ. ಡಬ್ಬಿಯಿಂದ ತೆಗೆದು ಜೋಡಿಸಿಟ್ಟಿದ್ದಾರೆ ಎಂದುಕೊಂಡು ಅವಳು ಅಳೆಯುತ್ತಿದ್ದಳು. ಅಷ್ಟೇ. ಮಳೆಗಾಲ ಹೋಗಿ ಚಳಿಗಾಲ ಬಂದರೂ ಆ ರೂಢಿ ಬಿಡಲಿಲ್ಲ. ಹೇಳಬೇಕು ಎಂದು ನನಗೆ ತೋರಲಿಲ್ಲ, ಕೇಳಬೇಕು ಎಂದು ಅವಳಿಗೆ ತೋರಲಿಲ್ಲ.

ಆವತ್ತೂ ಸ್ಕೂಟರ್ ಸದ್ದಾಯಿತು. ತಟ್ಟೆ ಮೇಜಿಗೆ ಬಂತು.

ಹತ್ತು ನಿಮಿಷದಲ್ಲಿ ಲಹರಿ ಕಿರುಚಿದಳು. "ಅಮರೇಶ್! ಬಾರೋ ಇಲ್ಲಿ! ಹತ್ತೊಂಬತ್ತು ಪಾಯಿಂಟ್ ಒಂದು ಕಣೋ!"

ಆರಕ್ಕೆ ಆರೂ ಹತ್ತೊಂಬತ್ತರ ಆಸುಪಾಸು. ಅವಳು ನನ್ನನ್ನು ತಬ್ಬಿಕೊಂಡು ತಿರುಗಿಸಿದಳು. "ನಿಮ್ ಕೈಗುಣ ದಾಕ್ಷಮ್ಮ! ನಿಮ್ ಕೈ ವಾಪಸ್ ಬಂತು, ಅದೂ ಬಂತು!" ಸರ್ ಬಂದು ಪರದೆ ನೋಡಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿ, "ನಾಳೆ ಇನ್ನೊಂದ್ಸಲ ಬರ್ಲಿ. ಬಂದ್ರೆ ನಾಳೇನೇ ಪುಣೆಗೆ ಬರೆದ್ಬಿಡಿ," ಎಂದರು.

ಮಾರನೆಯ ದಿನ ಮೋಡ. ತಟ್ಟೆ ಕಿಟಕಿಯಲ್ಲೇ ಇತ್ತು, ಬಿಸಿಲಿರಲಿಲ್ಲ. ಹದಿನೈದು.

ಅದರ ಮಾರನೆಯ ದಿನವೂ ಮೋಡ. ಹದಿನಾಲ್ಕು ಪಾಯಿಂಟ್ ಎಂಟು.

ಆ ದಿನ ಸಿಂಕಿನ ಮುಂದೆ ನಿಂತಿದ್ದಾಗ ನನ್ನ ಕೈ ನೀರಿನೊಳಗೇ ನಿಂತುಹೋಯಿತು. ನಾನು ಇದ್ದ ತಿಂಗಳುಗಳು, ಇಲ್ಲದ ತಿಂಗಳುಗಳು. ಎರಡು ಕೈ ಇದ್ದ ದಿನಗಳು, ಒಂದೇ ಕೈ ಇದ್ದ ದಿನಗಳು. ಬಿಸಿಲು, ಮೋಡ. ಅಳೆಯುವ ಮುಂಚೆ ಅದಕ್ಕೆ ಏನಾಗಿತ್ತು ಎಂಬುದನ್ನು ಅದು ನೆನಪಿಟ್ಟುಕೊಂಡಿರುತ್ತದೆ. ನನ್ನ ಬಾಯಿಂದಲೇ ಬಂದಿದ್ದ ಮಾತು. ನಾನು ತೋರಿಸಿದ್ದು ತೇವ ಆರಿಸುವ ಬಿಸಿಲಲ್ಲ. ಆ ಕಣಗಳನ್ನು ಒಂದು ಕಡೆಗೆ ಸರಿಸಿ ನಿಲ್ಲಿಸುವ ಬೆಳಕು.

ತಲೆ ಎತ್ತಿದೆ. ನನ್ನ ತಪ್ಪೇನು ಅಂತ ದಯವಿಟ್ಟು ಹೇಳಿ.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಕೋಣೆಯ ಬಾಗಿಲ ಮೇಲೆ ಒಂದು ಚೀಟಿಯಿದೆ: "ಸಂಶೋಧಕರ ಹೊರತು ಬೇರೆ ಯಾರೂ ಮಾದರಿಗಳನ್ನು ಮುಟ್ಟಬಾರದು." ಅದನ್ನು ಅಂಟಿಸಿದವಳೇ ನಾನು. ನನಗಿಂತ ಮುಂಚೆ ಇದ್ದ ನಂಜುಂಡಯ್ಯ ಹೀಗೇ ಒಂದು ಡಬ್ಬಿ ತೆರೆದದ್ದಕ್ಕೆ ಆವತ್ತೇ ಕೆಲಸ ಬಿಟ್ಟು ಹೋಗಬೇಕಾಗಿ ಬಂದಿತ್ತು. ನಿಯಮದಂತೆ ಡಬ್ಬಿಯನ್ನು ಮುಚ್ಚಿದಂತೆಯೇ ತಂದು ಮೇಜಿನ ಮೇಲಿಡುವುದಷ್ಟೇ ನನ್ನ ಪಾಲಿನ ಕೆಲಸ. ತೆಗೆದು ಜೋಡಿಸಿಡುವುದನ್ನು ಲಹರಿ ಕಂಡೂ ಬೇಡ ಎಂದಿರಲಿಲ್ಲ, ಬಿಸಿಲಿನ ವಿಷಯ ಮಾತ್ರ ಅವಳಿಗೂ ಗೊತ್ತಿರಲಿಲ್ಲ. ಹೇಳಿದರೆ ಈ ಸಿಂಕು, ಈ ನಾಲ್ಕು ನೀರು, ಈ ಹುಡುಗರು, ಎಲ್ಲ ಹೋಗುತ್ತದೆ. ಅದಕ್ಕೂ ಮಿಗಿಲಾಗಿ ಲಹರಿಯ ಮುಖ ನೆನೆದರೆ ನಾಲಿಗೆ ಏಳುತ್ತಿರಲಿಲ್ಲ. ಪ್ಲಾಸ್ಟರ್ ಬಿಚ್ಚಿದ್ದರು. ಆದರೆ ಮೈಯೆಲ್ಲ ಅದರೊಳಗೇ ಇದ್ದಂತಿತ್ತು. ತಟ್ಟೆಯನ್ನು ಕಿಟಕಿಗೆ ಇಡುವುದನ್ನು ಬಿಟ್ಟೆ. ಬಿಟ್ಟರೂ ತಪ್ಪು, ಇಟ್ಟರೂ ತಪ್ಪು. ನಾಲ್ಕು ದಿನ ಹೀಗೇ ಕಳೆದೆ.

ಜುಲೈ ನಾಲ್ಕರಂದು ಬೆಳಿಗ್ಗೆ ಬಂದಾಗ ಲಹರಿ ಆಗಲೇ ಕಂಪ್ಯೂಟರಿನ ಮುಂದೆ ಕೂತಿದ್ದಳು. ಕಣ್ಣು ಊದಿತ್ತು.

"ಏನವ್ವಾ ಬರೀತಿದೀಯೆ?"

"ಪ್ರಬಂಧ ವಾಪಸ್ ತಗೊಳ್ಳೋ ಕಾಗದ. ಹದಿನೈದಕ್ಕೆ ಮುಂಚೇನೇ ಬರ್ದಿಡಿ ಅಂದ್ರು ಸರ್. ವಿದ್ಯಾರ್ಥಿ ಅಳೆಯೋದ್ರಲ್ಲಿ ಮಾಡಿದ ತಪ್ಪಿನಿಂದ ಅಂತ ಬರೀಬೇಕಂತೆ." ಅವಳು ನನ್ನತ್ತ ತಿರುಗಲಿಲ್ಲ. "ಯಾವ್ ತಪ್ಪು ಅಂತ ಬರೀಲಿ? ನಂಗೇ ಗೊತ್ತಿಲ್ಲ. ಗೊತ್ತಿಲ್ದೇ ಇರೋ ತಪ್ಪನ್ನ ಒಪ್ಕೋಬೇಕು."

ನಾನು ಚೀಲ ಕೆಳಗಿಟ್ಟೆ. "ತಪ್ಪು ನಿಂದಲ್ಲ. ನಂದು."

"ಸುಮ್ನಿರಿ ದಾಕ್ಷಮ್ಮ, ಸಮಾಧಾನ ಹೇಳೋಕೆ ಬರ್ಬೇಡಿ."

"ಸಮಾಧಾನ ಅಲ್ಲ ಕಣೆ, ಕೇಳು. ನಾನು ನಿನ್ ಕೋಶಗಳನ್ನ ದಿನಾ ಬಿಸಿಲಿಗೆ ಇಡ್ತಿದ್ದೆ."

ಹಪ್ಪಳದಿಂದ ಹಿಡಿದು ಎಲ್ಲ ಹೇಳಿದೆ. ಯಾವ ತಟ್ಟೆ, ಯಾವ ಕಿಟಕಿ, ಎಷ್ಟು ಹೊತ್ತು. ಅವಳ ಮುಖದಲ್ಲಿ ಒಂದೊಂದಾಗಿ ಅರ್ಥವಾಗುತ್ತ ಹೋದದ್ದು ಕಾಣಿಸಿತು. ಹಿಂದೆ ಬಂದು ನಿಂತಿದ್ದ ಅಮರೇಶ್, "ಹಪ್ಪಳಾನಾ?" ಎಂದು ಕಿಸಕ್ಕನೆ ನಕ್ಕ. ಲಹರಿ ಅವನತ್ತ ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡ.

"ಐದು ತಿಂಗಳು," ಎಂದಳು ಲಹರಿ. ಅವಳ ದನಿ ಏರಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. "ಐದು ತಿಂಗಳು ಆ ಪೆಟ್ಟಿಗೆ ಮುಂದೆ ನಿಂತಿದ್ದೆ ದಾಕ್ಷಮ್ಮ. ನಂಗೆ ಹುಚ್ಚು ಹಿಡಿದಿದ್ಯೇನೋ ಅನ್ಕೊಂಡೆ. ಅಪ್ಪನ ಹತ್ರ, ನಾನು ಸುಳ್ಳು ಬರ್ದಿರ್ಬೋದಾ ಅಂತ ಕೇಳಿದೆ. ನೀವು ಅಲ್ಲೇ ನಿಂತು ಗಾಜು ತೊಳೀತಿದ್ರಿ."

"ಆಗ ನಂಗೂ ಗೊತ್ತಿರ್ಲಿಲ್ಲ ಕಣವ್ವ."

"ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. "ನಾಲ್ಕು ದಿನ ಆಯ್ತು."

ಅವಳು ಎದ್ದು ಹೊರಗೆ ಹೋದಳು. ಪಕ್ಕದ ಕಾರ್ಖಾನೆಯ ಸೈರನ್ ಕೂಗಿತು. ಮಳೆ ಹನಿಯುತ್ತಿತ್ತು. ಅಮರೇಶ್ ನನಗೊಂದು ಸ್ಟೂಲು ತಂದಿಟ್ಟು, "ಕೂತ್ಕೊಳ್ಳಿ ದಾಕ್ಷಮ್ಮೋರೆ, ಬರ್ತಾಳೆ," ಎಂದ. ಅವಳು ಇಪ್ಪತ್ತು ನಿಮಿಷದ ಮೇಲೆ ಬಂದಳು, ಕೂದಲೆಲ್ಲ ಒದ್ದೆ. ನನ್ನನ್ನು ನೋಡದೆ ಬೀರು ತೆರೆದು ಆರು ಕೋಶ ತೆಗೆದಳು. ಮೂರನ್ನು ಕತ್ತಲೆಯ ಡಬ್ಬಿಯಲ್ಲಿಟ್ಟಳು. ಮೂರನ್ನು ಕೃತಕ ಸೂರ್ಯನ ಕೆಳಗಿಟ್ಟಳು.

"ಎಷ್ಟು ಹೊತ್ತು ಇಡ್ತಿದ್ರಿ?"

"ಅರ್ಧ ಗಂಟೆ."

"ಗಡಿಯಾರ ನೋಡಿ ಹೇಳಿ."

ಅರ್ಧ ಗಂಟೆಯಾದಾಗ ಹೇಳಿದೆ. ಆಮೇಲೆ ಅವಳು ಒಂದೊಂದನ್ನೇ ಅಳೆದಳು, ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ. ನಾನು ಓದಿದ್ದನ್ನು ಅಮರೇಶ್ ಬರೆದುಕೊಂಡ. ಕತ್ತಲೆಯಲ್ಲಿದ್ದವು ಇಳಿಯುವಾಗ ಹದಿನೈದು, ಏರುವಾಗ ಹನ್ನೆರಡು. ಬೆಳಕು ಕಂಡವು ಇಳಿಯುವಾಗ ಹತ್ತೊಂಬತ್ತು, ಏರುವಾಗ ಹದಿಮೂರೂವರೆ. ಪರದೆಯ ಮೇಲೆ ಎರಡು ಗೆರೆಗಳ ನಡುವೆ ಹಲಸಿನ ತೊಳೆಯಷ್ಟು ಜಾಗ ಬಾಯಿ ತೆರೆದಿತ್ತು. ಕಡೆಗೆ ಅವಳು ವೋಲ್ಟನ್ನು ಒಂದೇ ಕಡೆ ನಿಲ್ಲಿಸಿ, ಒಂದೊಂದು ಕೋಶವನ್ನೂ ದೀಪದ ಕೆಳಗೆ ಹತ್ತು ಹತ್ತು ನಿಮಿಷ ಬಿಟ್ಟಳು. ಎತ್ತರದಲ್ಲಿದ್ದವು ಇಳಿದವು, ತಗ್ಗಿನಲ್ಲಿದ್ದವು ಏರಿದವು. ಆರೂ ಬಂದು ಹದಿನಾರರ ಹತ್ತಿರ ನಿಂತವು.

"ಹದಿನಾರು," ಎಂದಳು ಲಹರಿ. "ಇದೇ ನಿಜ. ಹತ್ತೊಂಬತ್ತೂ ಅಲ್ಲ, ಹದಿನೈದೂ ಅಲ್ಲ."

ಮಧ್ಯಾಹ್ನ ಸರ್ ಬಂದು ಅಮರೇಶ್ ಬರೆದುಕೊಂಡ ಅಂಕಿಗಳನ್ನು ನೋಡಿದರು. ನಾನು ಬಾಗಿಲ ಬಳಿ ನಿಂತಿದ್ದೆ. ಎಲ್ಲ ಕೇಳಿ ಅವರು ಮೇಜಿನ ಅಂಚನ್ನು ಬೆರಳಿಂದ ಒತ್ತಿದರು. ಬೈಯಲಿಲ್ಲ.

"ಒಳ್ಳೇದೇ ಆಯ್ತು," ಎಂದರು. "ಬೆಳಕಿಗೆ ಒಡ್ಡಿ ಆಮೇಲೆ ಅಳೆಯೋದು ಎಷ್ಟೋ ಜನ ಮಾಡೋ ಪದ್ಧತೀನೇ. ನಾವೂ ಹಾಗೆ ಮಾಡಿದ್ವಿ, ಬರೆಯೋದು ಬಿಟ್ಟುಹೋಗಿತ್ತು ಅಂತ ಒಂದು ಸಾಲು ಸೇರಿಸಿ ಕಳ್ಸೋಣ. ಅಂಕಿ ಹಾಗೇ ಇರುತ್ತೆ. ಪ್ರಬಂಧಾನೂ ಉಳಿಯುತ್ತೆ."

"ನಮಗೆ ಗೊತ್ತಿರ್ಲಿಲ್ವಲ್ಲ ಸರ್."

"ಈಗ ಗೊತ್ತಲ್ಲ?"

"ಆಗ ಗೊತ್ತಿರ್ಲಿಲ್ಲ. ಗೊತ್ತಿದ್ದು ಮಾಡಿದ್ವಿ ಅಂತ ಬರೆದ್ರೆ..." ಲಹರಿ ತಡವರಿಸಿದಳು. "ಐದು ತಿಂಗಳಿಂದ ನಾನೆಲ್ಲಿ ಸುಳ್ಳು ಹೇಳಿದೀನಿ ಅಂತ ಹುಡುಕ್ತಿದ್ದೆ ಸರ್. ಇಲ್ಲೀವರೆಗೂ ಹೇಳಿರ್ಲಿಲ್ಲ. ಇದನ್ನ ಬರೆದ್ರೆ ಹೇಳಿದ ಹಾಗಾಗುತ್ತೆ."

"ಮತ್ತೇನು ಬರೀತೀಯಾ? ನಮ್ಮ ಲ್ಯಾಬಲ್ಲಿ ಅಟೆಂಡರು ಹಪ್ಪಳ ಅಂತ ಬಿಸಿಲಿಗೆ ಇಟ್ರು ಅಂತಾನಾ? ನಗ್ತಾರೆ ಕಣಮ್ಮ! ಮುಂದಿನ ವಾರ ಪ್ರಾಜೆಕ್ಟ್ ವಿಮರ್ಶೆ ಮಾಡೋರು ಬರ್ತಿದ್ದಾರೆ. ಅವ್ರ ಮುಂದೆ ನಾನು ಹೇಗೆ ನಿಂತ್ಕೊಳ್ಳಲಿ?"

ಅವರ ಕಷ್ಟವೂ ನನಗೆ ಕಂಡಿತು. ಆದರೆ ಆ ಬಾಗಿಲ ಚೀಟಿ ನನ್ನ ಭುಜದ ಪಕ್ಕದಲ್ಲೇ ಇತ್ತು.

"ಸರ್, ಈ ಚೀಟಿ ಅಂಟಿಸಿದ್ದು ನಾನೇ, ಮೀರಿದ್ದೂ ನಾನೇ," ಎಂದೆ. "ನಗೋರು ನನ್ನ ನೋಡಿ ನಗ್ಲಿ. ಪುಣೇಲಿ ಒಂದು ಹುಡುಗಿ ಐದು ತಿಂಗಳಿಂದ ತನ್ನ ತಪ್ಪು ಹುಡುಕ್ತಾ ಕೂತಿದಾಳೆ. ಆ ಮಗೂಗೆ ಏನು ಗೊತ್ತು, ಇಲ್ಲೊಬ್ಳು ಮುದುಕಿ ಕಿಟಕೀಲಿ ತಟ್ಟೆ ಇಟ್ಟಿದ್ದು?"

ಸರ್ ನನ್ನನ್ನು ನೋಡಿದರು. "ನೀವು ಬರೆದು ಕೊಡ್ತೀರಾ? ಏನ್ ಮಾಡಿದ್ರಿ ಅಂತ?"

"ಕೊಡ್ತೀನಿ."

ಅದನ್ನು ಬರೆಯಲು ನನಗೆ ಎರಡು ದಿನ ಹಿಡಿಯಿತು. ನಲವತ್ತೊಂದನೆಯ ವಯಸ್ಸಿನಲ್ಲಿ ಮಠದ ರಾತ್ರಿ ಶಾಲೆಯಲ್ಲಿ ಪತ್ರಲೇಖನ ಕಲಿತಿದ್ದೆ. ಇವರಿಂದ, ಇವರಿಗೆ, ವಿಷಯ. ಆಮೇಲಿನ ಇಪ್ಪತ್ತೈದು ವರ್ಷಗಳಲ್ಲಿ ರಜಾ ಅರ್ಜಿ ಬಿಟ್ಟು ಬೇರೇನೂ ಬರೆದವಳಲ್ಲ. ಬಲಗೈ ಇನ್ನೂ ಪೆನ್ನನ್ನು ಸರಿಯಾಗಿ ಹಿಡಿಯುತ್ತಿರಲಿಲ್ಲ. ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಕಿಟಕಿ ಯಾವ ದಿಕ್ಕು, ಮುಚ್ಚಳದ ಗಾಜಿನ ದಪ್ಪ, ತಟ್ಟೆಯನ್ನು ಮೇಜಿಗೆ ತಂದ ಮೇಲೆ ಅಳೆಯುವವರೆಗೆ ಎಷ್ಟು ನಿಮಿಷ, ಎಲ್ಲ ನೆನೆದು ಬರೆದೆ. ಕೊನೆಗೆ, "ಇದನ್ನು ನಾನು ಯಾರಿಗೂ ತಿಳಿಸಿರಲಿಲ್ಲ. ಸಂಶೋಧಕರು ಇದನ್ನು ಅರಿಯರು," ಎಂದು ಬರೆದು ದಾಕ್ಷಾಯಣಮ್ಮ ಎಂದು ಸಹಿ ಹಾಕಿದೆ.

ಲಹರಿ ಅದನ್ನು ಇಂಗ್ಲಿಷಿಗೆ ತಂದಳು. ಹಪ್ಪಳವನ್ನು ಬಿಡಲಿಲ್ಲ. ಇಳಿಯುವ ಗೆರೆ, ಏರುವ ಗೆರೆ, ನಿಂತ ಅಂಕಿ, ಮೂರನ್ನೂ ಹಾಕಿದಳು. ಪ್ರಬಂಧದ ಹತ್ತೊಂಬತ್ತು ಪಾಯಿಂಟ್ ನಾಲ್ಕು ಅಲ್ಲ, ಹದಿನಾರು ಎಂದು ತಿದ್ದಬೇಕೆಂದು ಪತ್ರಿಕೆಯ ಸಂಪಾದಕರಿಗೂ ಅದೇ ಕಾಗದದ ಪ್ರತಿ. ಅವಳು ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಕೋಶದ ಡಬ್ಬಿಗೆ ಈಗ ಬೀಗ ಬಿದ್ದಿತ್ತು, ಕೀಲಿ ಅವಳ ಹತ್ತಿರ. ನನ್ನನ್ನು ಹೋಗಿ ಎಂದು ಯಾರೂ ಹೇಳಲಿಲ್ಲ, ಇರಿ ಎಂದೂ ಹೇಳಲಿಲ್ಲ. ಗಾಜು ತೊಳೆಯುತ್ತಿದ್ದೆ.

ಕಾಗದ ಸರ್ ಮೇಜಿನ ಮೇಲೆ ಕೂತಿತು. ಸೋಮವಾರ ನೋಡ್ತೀನಿ ಎಂದರು. ಸೋಮವಾರ ಬುಧವಾರವಾಯಿತು. ವಿಮರ್ಶೆಯವರು ಬಂದು ಹೋದರು. ಅವರ ಮುಂದೆ ಸರ್ ಯಾವ ಅಂಕಿ ಹೇಳಿದರೋ ನನಗೆ ಗೊತ್ತಿಲ್ಲ. ಬಾಗಿಲು ಹಾಕಿತ್ತು. ಗಡುವಿನ ಹದಿನೈದನೆಯ ತಾರೀಖು ದಾಟಿತು. ಲಹರಿ ದಿನಾ ಬಂದು ಅವರ ಕೋಣೆಯ ಕಡೆ ನೋಡಿ ತನ್ನ ಜಾಗದಲ್ಲಿ ಕೂರುತ್ತಿದ್ದಳು.

ಹದಿನೆಂಟರಂದು ಸರ್ ತಾವೇ ನಮ್ಮ ಕೋಣೆಗೆ ಬಂದರು. ಕೈಯಲ್ಲಿ ಆ ಕಾಗದ. ಎರಡು ಕಡೆ ಕೆಂಪು ಶಾಯಿಯಲ್ಲಿ ಇಂಗ್ಲಿಷ್ ತಿದ್ದಿದ್ದರು. ಅದನ್ನು ಲಹರಿಯ ಮೇಜಿನ ಮೇಲಿಟ್ಟು, "ನಾನು ಊಟಕ್ಕೆ ಹೋಗ್ತಿದೀನಿ," ಎಂದರು. ಬಾಗಿಲವರೆಗೆ ಹೋಗಿ ನಿಂತು, ನನ್ನ ಕಡೆ ತಿರುಗಿ, "ಆ ಕಿಟಕಿಗೊಂದು ಪರದೆ ಹಾಕಿಸ್ಬೇಕು ದಾಕ್ಷಾಯಣಮ್ಮ," ಎಂದು ಹೊರಟುಹೋದರು.

ಲಹರಿ ಹಾಳೆಗಳನ್ನು ಒಂದೊಂದಾಗಿ ತಿರುವಿದಳು. ಹಪ್ಪಳ ಹಾಗೇ ಇತ್ತು. "ನಮಗೆ ತಿಳಿದಿರಲಿಲ್ಲ" ಎಂಬ ಸಾಲು ಹಾಗೇ ಇತ್ತು. ಕಟ್ಟಕಡೆಯಲ್ಲಿ ಸರ್ ಹೆಸರೂ ಇತ್ತು. ಹೊಡೆದು ಹಾಕಿರಲಿಲ್ಲ.

"ಕಳ್ಸು ಮಾರಾಯ್ತಿ, ಊಟ ಮುಗಿಸ್ಕೊಂಡು ಬಂದ್ರೆ ಮನಸ್ಸು ಬದಲಾಯ್ಸಿಬುಟ್ಟಾರು," ಎಂದ ಅಮರೇಶ್.

ಅವಳು ತಿದ್ದುಪಡಿಗಳನ್ನು ಟೈಪ್ ಮಾಡಿದಳು. ಆಮೇಲೆ ಬೆರಳು ನಿಂತಿತು. "ದಾಕ್ಷಮ್ಮ, ಬನ್ನಿ ಇಲ್ಲಿ. ಕೊನೇಲಿ ಕನ್ನಡದಲ್ಲಿ ಒಂದು ಸಾಲು ಹಾಕ್ಬೇಕು. ಅವ್ಳು ಕನ್ನಡದಲ್ಲಿ ಕೇಳಿದ್ಳಲ್ಲ. ನೀವು ಹೇಳಿ."

ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಹೋದೆ. ಹೇಳಿದೆ. ಅವಳು ಬರೆದಳು. "ನಿಮ್ಮ ತಪ್ಪೇನೂ ಇಲ್ಲ. ಬಿಸಿಲಿಗಿಡದೆ ಅಳೆದರೆ ನಮಗೂ ಹದಿನೈದೇ ಬರುತ್ತದೆ."

ಅವಳು ಗುಂಡಿ ಒತ್ತಿದಳು. ಪರದೆಯ ಮೇಲೆ ಕಾಗದ ಹೋಯಿತು ಎಂದು ಬಂತು. ನಾನು ಸಿಂಕಿಗೆ ಮರಳಿ ಗೋಡೆಯ ಮೇಲಿನ ಹಾಳೆಯನ್ನು ಬಿಡಿಸಿದೆ. ಐದು ತಿಂಗಳ ತೇವಕ್ಕೆ ಅಂಟು ಬಿಗಿಯಾಗಿತ್ತು. ಒಂದು ಮೂಲೆ ಹರಿದು ಗೋಡೆಯಲ್ಲೇ ಉಳಿಯಿತು.